ಪುಟ್ಟ ಕೈಗವಸಿನ ಆರು ದಿನ

ಕಾಜಾ ಮಷೀನಿನ ಮಗಳೇ,

ಈ ಕಾಗದ ನಿನ್ನ ಕೈಗಿಟ್ಟ ನರ್ಸಮ್ಮ ಬಾಯಲ್ಲೂ ಹೇಳಿರುತ್ತಾರೆ. ಆದರೂ ಮೊದಲ ಸಾಲಿನಲ್ಲೇ ಬರೆಯುತ್ತೇನೆ: ಮುಂದಿನದನ್ನು ಓದುವ ಮುಂಚೆ ನಿನ್ನ ತಂಗಿಗೆ ಫೋನ್ ಮಾಡು. ನಿನ್ನ ಫೋನು ಮೂರು ದಿನದಿಂದ ಆಫ್ ಆಗಿದೆ, ಚಾರ್ಜರ್ ಮನೆಯಲ್ಲೇ ಉಳಿದಿರಬೇಕು. ನರ್ಸಮ್ಮನ ಫೋನಿನಿಂದಲೇ ಮಾಡು. ತಂಗಿಯ ಮನೆಯಲ್ಲಿರುವ ನಿನ್ನ ದೊಡ್ಡ ಮಗಳಿಗೆ ಇವತ್ತೇ ಕಜ್ಜಿಯ ಔಷಧಿ ಹಚ್ಚಬೇಕು ಅಂತ ಹೇಳು. ತಂಗಿ ಮತ್ತು ಅವಳ ಗಂಡ ಕೂಡ ಇವತ್ತೇ ಹಚ್ಚಿಕೊಳ್ಳಬೇಕು. ಅವಳ ಹಸುಗೂಸಿಗೆ ಇನ್ನೂ ತಿಂಗಳು ತುಂಬಿಲ್ಲ, ಅದಕ್ಕೆ ಮಾತ್ರ ಯಾರೂ ತಾವಾಗಿ ಏನೂ ಸವರಬಾರದು, ಡಾಕ್ಟರಿಗೆ ತೋರಿಸಬೇಕು. ನಿನ್ನೆ ನಾನೇ ಅಲ್ಲಿಗೆ ಹೋಗಿ ಹೇಳಿ ನೋಡಿದೆ. "ನೀವು ಯಾರೋ ಏನೋ. ನಮ್ಮಕ್ಕ ಹೇಳ್ಲಿ, ಆಮೇಲೆ ಹಚ್ತೀನಿ" ಅಂದುಬಿಟ್ಟಳು. ಅವಳದ್ದೂ ತಪ್ಪಲ್ಲ. ಗುರುತಿಲ್ಲದ ಮುದುಕಿ ಬಾಗಿಲಿಗೆ ಬಂದು ಟ್ಯೂಬ್ ಹಿಡಿದರೆ ನಾನಾದರೂ ನಂಬುತ್ತಿರಲಿಲ್ಲ.

ಮಾಡಿದೆಯಾ? ಮಾಡಿರದಿದ್ದರೆ ಕಾಗದ ಮಡಿಸಿಡು, ಮಾಡಿ ಬಾ. ನಾನು ಹೇಳಬೇಕಾದದ್ದು ಎಲ್ಲಿಗೂ ಓಡಿಹೋಗುವುದಿಲ್ಲ.

ಈಗ ಕೇಳು. ನಿನ್ನ ಕೂಸಿಗೆ ಕಜ್ಜಿ ಕೊಟ್ಟವಳು ನಿನ್ನ ದೊಡ್ಡ ಮಗಳಲ್ಲ. ನಾನು ಕೊಟ್ಟೆ, ಒಂದು ಸಲ ಅಲ್ಲ, ಎರಡು ಸಲ.

ಈ ಸಾಲು ಬರೆಯಲು ಬೆಳಗಿನಿಂದ ಮೂರು ಹಾಳೆ ಹರಿದಿದ್ದೇನೆ. ಬೇರೆಯವರ ಮಕ್ಕಳ ಮೂಗು ಒರೆಸುವಾಗ ನನ್ನ ಬಾಯಿ ಎಷ್ಟು ಜೋರು ಅಂತ ನಿನಗೆ ಗೊತ್ತು. ನನ್ನದೇ ತಪ್ಪು ಹೇಳುವಾಗ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು, ಅದಕ್ಕೇ ಬರೆಯಲು ಕೂತೆ.

ಗಾರ್ಮೆಂಟ್ ಕಾರ್ಖಾನೆಯ ನಮ್ಮ ಮಕ್ಕಳ ಕೋಣೆಯನ್ನು ನೀನು ನೋಡಿದ್ದು ಬಾಗಿಲ ತನಕ ಮಾತ್ರ. ಒಳಗೆ ಬರಲು ತಾಯಂದಿರಿಗೆ ಪುರುಸೊತ್ತೆಲ್ಲಿ? ಗೋಡೆಗೆ ಒರಗಿಸಿದ ಒಂಬತ್ತು ತೊಟ್ಟಿಲು, ಒಂದು ಉದ್ದನೆಯ ಚಾಪೆ, ಹಾಲಿನ ಬಾಟಲಿ ಕುದಿಸುವ ಒಲೆ. ಗೋಡೆಯಾಚೆ ನಿಮ್ಮ ಇನ್ನೂರು ಮಷೀನುಗಳ ಸದ್ದು. ಆ ಸದ್ದಿಗೇ ನಮ್ಮ ಕೂಸುಗಳು ನಿದ್ದೆ ಹೋಗುತ್ತವೆ. ಕರೆಂಟ್ ಹೋಗಿ ಮಷೀನು ನಿಂತರೆ ಸಾಕು, ಒಂಬತ್ತೂ ಒಟ್ಟಿಗೆ ಎದ್ದು ಕಿರುಚುತ್ತವೆ. ನಾಲ್ಕು ತಿಂಗಳಿದ್ದಾಗ ನೀನು ತಂದು ಒಪ್ಪಿಸಿದ ನಿನ್ನ ಮಗಳಿಗೆ ಗುಂಡಿ ಅಂತ ಹೆಸರಿಟ್ಟವಳೂ ನಾನೇ. ಶರ್ಟಿಗೆ ಕಾಜಾ ಹಾಕುವ ತಾಯಿಗೆ ಗುಂಡಿಯಲ್ಲದೆ ಇನ್ನೇನು ಹುಟ್ಟೀತು ಅಂತ ತಮಾಷೆ ಮಾಡಿದ್ದೆ, ನೀನು ಮೊದಲ ಸಲ ನನ್ನೆದುರು ಹಲ್ಲು ಬಿಟ್ಟು ನಕ್ಕಿದ್ದೆ. ಆ ಗುಂಡಿಗೆ ತೊಟ್ಟಿಲು ಆಗುತ್ತಿರಲಿಲ್ಲ. ನನ್ನ ಎಡ ಮುಂಗೈ ಮೇಲೆ ಕೆನ್ನೆಯಿಟ್ಟು, ನನ್ನ ಬೆರಳನ್ನು ಮುಷ್ಟಿಯಲ್ಲಿ ಹಿಡಿದೇ ಮಲಗಬೇಕು. ಬಿಡಿಸಿಕೊಂಡರೆ ರಂಪ. ದಿನಕ್ಕೆ ಒಂಬತ್ತು ಗಂಟೆಯಲ್ಲಿ ನಾಲ್ಕು ಗಂಟೆಯಾದರೂ ಅವಳು ನನ್ನ ಕೈ ಮೇಲೇ ಇರುತ್ತಿದ್ದಳು.

ಬೆಳಿಗ್ಗೆ ಎಂಟೂಕಾಲಕ್ಕೆ ನಾನು ಬಾಗಿಲಲ್ಲಿ ನಿಂತು ಒಂದೊಂದೇ ಮಗುವನ್ನು ತಪಾಸಣೆ ಮಾಡುತ್ತಿದ್ದೆನಲ್ಲ. ಬೆರಳ ಸಂದಿ, ಅಂಗೈ, ಅಂಗಾಲು, ಕಂಕುಳು, ಕಿವಿಯ ಹಿಂದೆ. ಎಲ್ಲ ಸರಿಯಿದ್ದರೆ ಪುಸ್ತಕದಲ್ಲಿ ಒಂದು ಗುರುತು. ಇದು ಮೇಲಿನವರು ಮಾಡಿದ ನಿಯಮವಲ್ಲ, ನಾನೇ ಮಾಡಿಕೊಂಡದ್ದು. ನೀವೆಲ್ಲ ಬೆನ್ನ ಹಿಂದೆ ನನ್ನನ್ನು ಇನ್ಸ್‌ಪೆಕ್ಟರ್ ಅನ್ನುತ್ತಿದ್ದಿರಿ. ಕೇಳಿಸುತ್ತಿತ್ತು, ಕೇಳಿ ಒಳಗೊಳಗೇ ಉಬ್ಬುತ್ತಿದ್ದೆ. ಇಪ್ಪತ್ತೆರಡು ವರ್ಷದಲ್ಲಿ ಇನ್ಸ್‌ಪೆಕ್ಟರಿನ ಕೈ ತೋರಿಸಿ ಅಂತ ಯಾರೂ ಕೇಳಿದ್ದಿಲ್ಲ.

ಚಳಿಗಾಲದಲ್ಲಿ ಒಂದು ಮಗು ಹತ್ತೇ ದಿನಕ್ಕೆ ಬಂದು ಹೋಯಿತು, ನೆನಪಿದೆಯಾ? ತಾಯಿ ಕೆಲಸ ಬಿಟ್ಟಳು. ಅದರಿಂದ ಬಂತೋ ಎಲ್ಲಿಂದ ಬಂತೋ ಈಗ ಹೇಳಲಾರೆ, ಆ ಮಗುವಿನ ತಲೆಗೂ ಕಟ್ಟಲಾರೆ. ಕಜ್ಜಿ ತರುವ, ಕಣ್ಣಿಗೆ ಕಾಣದ ನುಸಿ ಚರ್ಮದೊಳಗೆ ಹೊಕ್ಕು ತಿಂಗಳ ತನಕ ತುರಿಕೆಯೇ ತೋರಿಸದಂತೆ. ನನಗೆ ತುರಿಕೆ ಶುರುವಾದದ್ದು ಬೆರಳ ಸಂದಿಯಲ್ಲಿ, ಆಮೇಲೆ ಮಣಿಕಟ್ಟು, ಸೊಂಟ. ಹಾಸಿಗೆ ಬಿಸಿಯಾದರೆ ಸಾಕು, ಮೈಯೆಲ್ಲ ಕೆರೆದುಕೊಳ್ಳುವುದೇ ಕೆಲಸ. ಇನ್ನೊಬ್ಬರ ಮಗುವಿನ ಮೈಮೇಲೆ ಅದನ್ನು ಕಂಡಿದ್ದರೆ ಕಣ್ಣು ಮುಚ್ಚಿ ಕಜ್ಜಿ ಅನ್ನುತ್ತಿದ್ದೆ. ನನ್ನ ಮೈಮೇಲೆ ಕಂಡಾಗ ಬಟ್ಟೆ ಸೋಪು ಆಗಿಬರಲಿಲ್ಲ ಅಂದುಕೊಂಡೆ. ಡಾಕ್ಟರ ಹತ್ತಿರ ಹೋಗಲಿಲ್ಲ. ಮೆಡಿಕಲ್ ಶಾಪಿನವನ ಹತ್ತಿರ ತುರಿಕೆಗೆ ಏನಾದರೂ ಕೊಡಪ್ಪ ಅಂದೆ. ಅವನು ಕೊಟ್ಟ ಟ್ಯೂಬಿಗೆ ಎರಡೇ ದಿನಕ್ಕೆ ಕೆಂಪೆಲ್ಲ ಇಳಿಯಿತು. ಮೇಲೆ ಆರಿದ ಹಾಗೆ ಕಾಣಿಸುತ್ತಿತ್ತು, ಒಳಗೆ ನುಸಿ ಆರಾಮಾಗಿ ಸಂಸಾರ ಹೂಡಿತ್ತು.

ಗೊತ್ತಿರಲಿಲ್ಲ ಅಂತ ಹೇಳಿ ನುಣುಚಿಕೊಳ್ಳುವುದಿಲ್ಲ. ಅರ್ಧ ಗೊತ್ತಿತ್ತು. ಆ ಅರ್ಧವನ್ನು ಪೂರ್ತಿ ಮಾಡಿಕೊಳ್ಳಲು ಭಯವಾಯಿತು. ಚರ್ಮದ ಕಾಯಿಲೆ ಇದ್ದವರು ಮಕ್ಕಳನ್ನು ಮುಟ್ಟಬಾರದು ಅಂತ ಕೆಂಪು ಶಾಯಿಯಲ್ಲಿ ಬರೆದು ಗೋಡೆಗೆ ಅಂಟಿಸಿದವಳು ನಾನು. ಕಜ್ಜಿ ಹತ್ತಿದ ಆಯಾಳ ಕೈಗೆ ಯಾವ ತಾಯಿ ಕೂಸು ಕೊಟ್ಟಾಳು? ಕೆಲಸದ ಚಿಂತೆಯೂ ಇತ್ತು, ಆದರೆ ಅದಕ್ಕಿಂತ ಹೆಚ್ಚಾಗಿ ನನ್ನ ಜಂಬ ಬಿಡಲಿಲ್ಲ ಕಣೇ.

ಒಂದು ಸೋಮವಾರ ಗುಂಡಿಯ ಅಂಗಾಲಿನಲ್ಲಿ ಸಣ್ಣ ಸಣ್ಣ ನೀರುಗುಳ್ಳೆ ಕಂಡವು. ಅಂಗೈಯಲ್ಲೂ ಇದ್ದವು, ನೆತ್ತಿಯ ಮೇಲೂ ಎರಡು. ದೊಡ್ಡವರಿಗೆ ಕಜ್ಜಿ ಕತ್ತಿನ ಮೇಲೆ ಬರುವುದು ಕಡಿಮೆ, ಹಾಲುಗೂಸುಗಳಿಗೆ ಹಾಗಲ್ಲ. ಅವುಗಳಿಗೆ ತಲೆ, ಮುಖ, ಅಂಗಾಲು ಎಲ್ಲಿ ಬೇಕಾದರೂ ಬರುತ್ತದೆ. ನೋಡಿದ ತಕ್ಷಣ ಅದು ಏನಂತ ನನಗೆ ಗೊತ್ತಾಯಿತು. ನಿನ್ನ ಹಿಂದೆ ಏಳು ಜನ ತಾಯಂದಿರು ಸಾಲಿನಲ್ಲಿ ನಿಂತಿದ್ದರು. ಆಗ ನಾನು ಏನಂದೆ ಅಂತ ನೀನು ಮರೆತಿರಲಾರೆ.

"ಏನೇ ಇದು, ಮನೇನ ಗುಡಿಸ್ತೀಯೋ ಇಲ್ವೋ? ಕೂಸಿಗೆ ಕಜ್ಜಿ ಹಿಡಿಸ್ಕೊಂಡು ಬಂದಿದೀಯಲ್ಲ! ದೊಡ್ಡವಳು ಸ್ಕೂಲಿಂದ ತಂದು ಅಂಟಿಸಿರ್ತಾಳೆ. ವಾಸಿ ಮಾಡ್ಕೊಂಡು ಬಾ, ಹೋಗು."

ನಿನ್ನ ಮುಖ ಕೆಂಪಾಗಿ, ಆಮೇಲೆ ಬಿಳಿಚಿಕೊಂಡಿತು. ಗುಂಡಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ತಲೆ ಬಗ್ಗಿಸಿ ಹೋದೆ. ಸಾಲಿನಲ್ಲಿದ್ದವರು ನಿನಗೆ ದಾರಿ ಬಿಡಲು ಎರಡು ಹೆಜ್ಜೆ ಹಿಂದೆ ಸರಿದರು. ನನ್ನ ಕೈ ಏಪ್ರನ್ನಿನ ಜೇಬಿನಲ್ಲಿತ್ತು, ಅಲ್ಲಿ ಹೆಬ್ಬೆರಳಿನಿಂದ ಬೆರಳ ಸಂದಿಯನ್ನು ತಿಕ್ಕಿಕೊಳ್ಳುತ್ತಿದ್ದೆ. ದೊಡ್ಡವಳ ಹೆಸರು ಎಲ್ಲಿಂದ ಬಾಯಿಗೆ ಬಂತೋ ಗೊತ್ತಿಲ್ಲ. ಯಾರದ್ದಾದರೂ ಒಂದು ಹೆಸರು ಬೇಕಾಗಿತ್ತು, ನನ್ನದು ಬಿಟ್ಟು.

ಹೇಳಿದ್ದನ್ನೆಲ್ಲ ನೀನು ಚಾಚೂ ತಪ್ಪದೆ ಮಾಡಿದೆ. ಕ್ಲಿನಿಕ್ಕಿಗೆ ತೋರಿಸಿದೆ. ಮನೆಯವರೆಲ್ಲ ಒಂದೇ ದಿನ ಹಚ್ಚಿಕೊಳ್ಳಿ ಅಂದರಂತೆ, ಲಾರಿ ಓಡಿಸುವ ನಿನ್ನ ಗಂಡ ಮನೆಗೆ ಬರುವ ದಿನವನ್ನೇ ಕಾದು ನಾಲ್ಕೂ ಜನ ಹಚ್ಚಿಕೊಂಡಿರಿ. ಹಾಸಿಗೆ ಬಟ್ಟೆಯನ್ನೆಲ್ಲ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿದೆ. ಎಲ್ಲವನ್ನೂ ಸರಿಯಾಗಿ ಮಾಡಿದ್ದೆ ಮಗಳೇ. ಮನೆಯವರು ಅಂದಾಗ ಆಯಾ ಆ ಮಾತಿನೊಳಗೆ ಬರುತ್ತಾಳೆ ಅಂತ ಕ್ಲಿನಿಕ್ಕಿನವರಿಗೂ ಹೊಳೆಯಲಿಲ್ಲ, ನಿನಗೂ ಹೊಳೆಯಲಿಲ್ಲ. ನನಗೆ ಹೊಳೆದಿತ್ತು. ವಾಸಿಯಾದ ಗುಂಡಿಯನ್ನು ನೀನು ಬಾಗಿಲಲ್ಲಿ ಕೊಟ್ಟಾಗ ಅವಳು ನನ್ನನ್ನು ಕಂಡು ಕಾಲು ಝಾಡಿಸಿ ಕೇಕೆ ಹಾಕಿದಳು. ಎತ್ತಿಕೊಂಡೆ, ಅದೇ ಮುಂಗೈ ಮೇಲೆ ಮಲಗಿಸಿಕೊಂಡೆ.

ಎರಡನೇ ಸಲ ಬಂದರೆ ಕಜ್ಜಿ ತಿಂಗಳು ಕಾಯುವುದಿಲ್ಲವಂತೆ, ನಾಲ್ಕು ದಿನ ಸಾಕು. ಗುಂಡಿಗೆ ಮತ್ತೆ ಗುಳ್ಳೆ ಎದ್ದವು. ನೀನು ಔಷಧಿಯನ್ನೂ ಬೈಯಲಿಲ್ಲ, ನನ್ನನ್ನೂ ಅನುಮಾನಿಸಲಿಲ್ಲ. ನಾನು ಬಿತ್ತಿದ್ದು ನಿನ್ನ ತಲೆಯಲ್ಲಿ ಮೊಳೆತಿತ್ತು. ದೊಡ್ಡವಳ ಜಡೆ ಕತ್ತರಿಸಿದೆ. ಕೂಸನ್ನು ಮುಟ್ಟಿದರೆ ಕೈ ಮುರಿಯುತ್ತೇನೆ ಅಂದೆ. ಅವಳ ತಟ್ಟೆ ಲೋಟ ಬೇರೆ ಇಟ್ಟೆ. ಅದೂ ಸಾಲದೆ, ಆರು ವರ್ಷ ತುಂಬದ ಹುಡುಗಿಯನ್ನು ಶಾಲೆ ಬಿಡಿಸಿ ತಂಗಿಯ ಮನೆಗೆ ಬಿಟ್ಟು ಬಂದೆ. ಮಾರನೆಯ ದಿನ ಬಾಗಿಲಲ್ಲಿ ನನಗೆ ಹೇಳಿದೆ, "ಅಕ್ಕಾ, ನೀವು ಅವತ್ತು ಅಂದಿದ್ದಕ್ಕೇ ದೊಡ್ಡವಳನ್ನ ದೂರ ಕಳಿಸ್ಬಿಟ್ಟೆ. ಹೋಗುವಾಗ ಅತ್ತೂ ಅತ್ತೂ ವಾಂತಿ ಮಾಡ್ಕೊಂಡ್ಳು." ನಾನು, "ಒಳ್ಳೇದು ಮಾಡ್ದೆ ಬಿಡು" ಅಂದೆ. ಈ ಬಾಯಿಂದಲೇ ಅಂದೆ.

ಆಮೇಲೆ ಕೈಗವಸು ಬಂದವು. ಕಟಿಂಗ್ ಟೇಬಲ್ಲಿನ ಕೆಳಗೆ ಬಿದ್ದ ನೀಲಿ ಪಟ್ಟೆಯ ಶರ್ಟಿನ ತುಂಡುಗಳು, ನಿನ್ನ ಮಷೀನಿನಲ್ಲಿ ಹೊಲಿದದ್ದು, ಮಣಿಕಟ್ಟಿಗೆ ಒಂದು ಪುಟಾಣಿ ಕಾಜಾ, ಒಂದು ಬಿಳಿ ಬಟನ್. ಎಷ್ಟು ಚೆಂದ ಹೊಲಿದಿದ್ದೆ! "ಚಳಿ ಅಕ್ಕಾ, ಬಿಚ್ಬೇಡಿ, ಕೈ ತಣ್ಣಗಾಗುತ್ತೆ" ಅಂದೆ ನನ್ನ ಕಣ್ಣು ತಪ್ಪಿಸಿ. ಹೊರಗೆ ಬಿಸಿಲು ಚುರುಗುಟ್ಟುತ್ತಿತ್ತು. ಕಾಲಿಗೆ ಎರಡೆರಡು ಸಾಕ್ಸ್, ತಲೆಗೆ ಟೋಪಿ. ಕೈಗವಸಿನೊಳಗೆ ಏನಿದೆ ಅಂತ ನನಗೆ ಗೊತ್ತಿತ್ತು. ಬಿಚ್ಚಿಸಿದರೆ ಮತ್ತೆ ವಾಪಸು ಕಳಿಸಬೇಕು, ಕಳಿಸಿದರೆ ನಿನ್ನ ಕೆಲಸ ಹೋಗುತ್ತದೆ, ಅದೂ ಗೊತ್ತಿತ್ತು. ಅದಕ್ಕೇ ಸುಮ್ಮನಾದೆ ಅಂತ ಹೇಳಿದರೆ ನಾನು ದೇವತೆಯಾಗಿಬಿಡುತ್ತೇನೆ. ನಿಜ ಬೇರೆ. ಆ ಕೈ ಹೊರಗೆ ಬಂದರೆ ಮತ್ತೆ ಹೇಗೆ ಬಂತು ಅನ್ನುವ ಪ್ರಶ್ನೆ ಏಳುತ್ತದೆ. ಪುಸ್ತಕದಲ್ಲಿ ಗುರುತು ಹಾಕಿದೆ. ಆರು ದಿನ, ಆರು ಗುರುತು. ನೀನು ನನ್ನಿಂದ ಮುಚ್ಚಿಟ್ಟೆ, ನಾನು ನಿನ್ನಿಂದ ಮುಚ್ಚಿಟ್ಟೆ, ನಡುವೆ ಏಳು ತಿಂಗಳ ಕೂಸು ಬಟ್ಟೆಯೊಳಗೆ ಕೈ ಕೈ ತಿಕ್ಕುತ್ತಿತ್ತು.

ಏಳನೆಯ ದಿನ ಗುರುವಾರ. ಹನ್ನೊಂದು ಗಂಟೆಯ ಹೊತ್ತಿಗೆ ಕರೆಂಟ್ ಹೋಯಿತು, ಮಷೀನುಗಳು ನಿಂತವು. ತೊಟ್ಟಿಲುಗಳಲ್ಲಿ ಅಳು ಎದ್ದಿತು. ಒಂದನ್ನು ಎತ್ತಿ ಇನ್ನೊಂದನ್ನು ತಟ್ಟುತ್ತಾ ಇದ್ದವಳಿಗೆ ಏನೋ ಕಡಿಮೆಯಾಗಿದೆ ಅನ್ನಿಸಿತು. ಗುಂಡಿ ಅಳುತ್ತಿರಲಿಲ್ಲ. ಹತ್ತಿರ ಹೋದೆ. ಕಣ್ಣು ಅರ್ಧ ತೆರೆದಿತ್ತು, ನನ್ನ ಕಡೆ ನೋಡುತ್ತಿರಲಿಲ್ಲ. ಮೈ ಕೆಂಡ. ಬಟನ್ ಬಿಚ್ಚಿ ಕೈಗವಸು ಎಳೆದರೆ ಬರಲಿಲ್ಲ, ಬಟ್ಟೆ ಹುಣ್ಣಿಗೆ ಅಂಟಿಕೊಂಡಿತ್ತು. ಕಾದಾರಿದ ನೀರು ಹನಿಸಿ ಹನಿಸಿ ಬಿಡಿಸಿದೆ. ಒಳಗಿನ ವಾಸನೆ ಇನ್ನೂ ನನ್ನ ಮೂಗಿನಲ್ಲಿದೆ. ಅಷ್ಟು ಮಾಡಿದರೂ ಗುಂಡಿ ಹೂಂ ಅನ್ನಲಿಲ್ಲ.

ಅವಳನ್ನು ಎದೆಗವಚಿಕೊಂಡು ನಿನ್ನ ಲೈನಿಗೆ ಓಡಿ ಬಂದೆ. ನೀನು ಮಷೀನಿನ ಮುಂದೆ ಕೂತಿದ್ದೆ. ನನ್ನ ಕೈಯಲ್ಲಿದ್ದ ನೀಲಿ ಪಟ್ಟೆಯ ಬಟ್ಟೆ ನೋಡಿದೆ, ಕೂಸನ್ನು ಇನ್ನೂ ನೋಡಿರಲಿಲ್ಲ. "ತಪ್ಪಾಯ್ತು ಅಕ್ಕಾ, ನಾನೇ ಮುಚ್ಚಿಟ್ಟೆ. ಮ್ಯಾನೇಜರ್‌ಗೆ ಹೇಳ್ಬೇಡಿ, ಕಾಲಿಗೆ ಬೀಳ್ತೀನಿ" ಅಂದೆ. ಅವತ್ತಿನಿಂದ ಊಟ ಮಾಡುವಾಗಲೂ ಆ ಮಾತು ಕೇಳಿಸುತ್ತದೆ.

ಆಸ್ಪತ್ರೆಯಲ್ಲಿ ಹುಣ್ಣಿನ ಕೀವು ರಕ್ತಕ್ಕೆ ಸೇರಿದೆ ಅಂದರು. ಅಷ್ಟು ಸಣ್ಣ ಕೈಯಲ್ಲಿ ನರ ಸಿಗದೆ ತಲೆಯ ಪಕ್ಕದಲ್ಲಿ ಸೂಜಿ ಚುಚ್ಚಿದರು. "ಮನೇಲಿ ಯಾರ್ಯಾರಿದೀರಿ?" ಅಂತ ಡಾಕ್ಟರಮ್ಮ ಕೇಳಿದಾಗ ನೀನು "ಈಗ ನಾನೂ ಕೂಸೂ ಇಬ್ರೇ" ಅಂದೆ. ಸುಳ್ಳಲ್ಲ. ಆದರೆ ಆ ಉತ್ತರದಲ್ಲಿ ದೊಡ್ಡವಳು ತಪ್ಪಿಹೋದಳು, ನಾನೂ ತಪ್ಪಿಸಿಕೊಂಡೆ. ನಿನ್ನ ಬೆನ್ನ ಹಿಂದೆ ಎರಡಡಿ ದೂರದಲ್ಲಿ ನಿಂತಿದ್ದೆ. ಬಾಯಿ ತೆರೆಯಲಿಲ್ಲ. ಮನೆಗೆ ಬಂದೆ.

ಶುಕ್ರವಾರ ಬೆಳಿಗ್ಗೆ ಅದೇ ಡಾಕ್ಟರಮ್ಮನ ಮುಂದೆ ಕೂತು ಎರಡೂ ಕೈ ಮೇಜಿನ ಮೇಲೆ ಚಾಚಿದೆ. ಭೂತಗನ್ನಡಿ ಹಿಡಿದು ನೋಡಿದರು, ಬೆರಳ ಸಂದಿಯಿಂದ ಸ್ವಲ್ಪ ಕೆರೆದು ತೆಗೆದರು. ಎಷ್ಟು ದಿನದಿಂದ ಅಂತ ಕೇಳಿದರು, ಎರಡೂವರೆ ತಿಂಗಳು ಅಂದೆ. "ಏನು ಕೆಲಸ ಮಾಡ್ತೀರಿ?" ಅಂದರು. ಹೇಳಿದೆ. ಅವರು ಬೈಯಲಿಲ್ಲ. ಬರೆಯುತ್ತಿದ್ದ ಪೆನ್ನನ್ನು ಕೆಳಗಿಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಎಲ್ಲ ಬಿಡಿಸಿ ಹೇಳಿದರು. ಇದು ಕೊಳಕಿನಿಂದ ಬರುವ ಕಾಯಿಲೆ ಅಲ್ಲ, ಮೈಗೆ ಮೈ ತಾಗಿ ಬರುವಂಥದ್ದು. ಪ್ರೀತಿಯಿಂದ ಹೆಚ್ಚು ಹೊತ್ತು ಎತ್ತಿಕೊಂಡವರಿಂದಲೇ ಹೆಚ್ಚು ಅಂಟುತ್ತದೆ. ನಿನ್ನ ಮನೆ ಗುಡಿಸುವ ವಿಚಾರ ಎತ್ತಿದೆನಲ್ಲ, ಆ ಮಾತನ್ನು ವಾಪಸು ತೆಗೆದುಕೊಳ್ಳುತ್ತೇನೆ. ಮುಟ್ಟಿದವರೆಲ್ಲ ಒಂದೇ ದಿನ ಹಚ್ಚಿಕೊಳ್ಳಬೇಕು, ವಾರ ಬಿಟ್ಟು ಮತ್ತೊಮ್ಮೆ. ನುಸಿ ಸತ್ತ ಮೇಲೂ ಎರಡು ಮೂರು ವಾರ ತುರಿಕೆ ಇರುತ್ತದೆ, ಅದಕ್ಕೆ ಹೆದರಿ ಮತ್ತೆ ಮತ್ತೆ ಹಚ್ಚಬಾರದು. ನಿನ್ನ ಗಂಡನ ಲಾರಿ ಎಲ್ಲೇ ಇರಲಿ, ಅವನಿಗೂ ತಿಳಿಸು.

ಕಾರ್ಖಾನೆಗೆ ಹೋಗಿ ಮ್ಯಾನೇಜರಿಗೂ ಉಳಿದ ಎಂಟು ತಾಯಂದಿರಿಗೂ ನನ್ನ ಬಾಯಿಂದಲೇ ಹೇಳಿದೆ. ಒಬ್ಬಳು ನನ್ನ ಮುಖಕ್ಕೆ ಉಗಿಯಲು ಬಂದಳು, ಇನ್ನೊಬ್ಬಳು ತಡೆದಳು. ಕೋಣೆಗೆ ಬೀಗ ಹಾಕಿದ್ದಾರೆ. ನಾಳೆ ಭಾನುವಾರ ಎಲ್ಲರೂ ಒಟ್ಟಿಗೆ ಔಷಧಿ ಹಚ್ಚಿಕೊಳ್ಳುತ್ತಾರೆ. ನಿನ್ನ ಕೆಲಸಕ್ಕೆ ಏನೂ ತೊಂದರೆಯಿಲ್ಲ, ಎಂಟು ಜನರ ಎದುರಿಗೇ ಮ್ಯಾನೇಜರಿನಿಂದ ಆ ಮಾತು ಆಡಿಸಿದ್ದೇನೆ. ನನ್ನದು ಹೋಯಿತು, ಹೋಗಬೇಕಾದದ್ದೇ. ನಾನು ನಿನ್ನೆಯೇ ಹಚ್ಚಿಕೊಂಡೆ, ಆದರೂ ವಾರ್ಡಿನ ಬಾಗಿಲಿನಲ್ಲಿ ನನ್ನನ್ನು ಬಿಡುವುದಿಲ್ಲ. ಗುಂಡಿ ಇವತ್ತು ಬೆಳಿಗ್ಗೆ ಎರಡು ಚಮಚ ಹಾಲು ಕುಡಿದಳು ಅಂತ ನರ್ಸಮ್ಮ ಹೇಳಿದರು. ಅಪಾಯ ಕಳೆದಿದೆಯಾ ಅಂದರೆ, ಇನ್ನೂ ಎರಡು ದಿನ ಹೋಗಲಿ ಅಂದರು.

ನನ್ನನ್ನು ಕ್ಷಮಿಸು ಅಂತ ಕೇಳಲು ಇಷ್ಟೆಲ್ಲ ಬರೆಯಲಿಲ್ಲ. ನೀನು ಬೈದರೂ ಸರಿ, ಪೊಲೀಸರಿಗೆ ಹೇಳಿದರೂ ಸರಿ. ಬರೆದದ್ದು ದೊಡ್ಡವಳಿಗಾಗಿ.

ನಿನ್ನೆ ಸಂಜೆ ನಾನು ಹೋದಾಗ ನಿನ್ನ ತಂಗಿಯ ಮನೆಯ ಹೊರಗೆ, ಮೆಟ್ಟಿಲ ಮೇಲೆ ಒಬ್ಬಳೇ ಕೂತಿದ್ದಳು. ಕೂದಲು ಅಡ್ಡಾದಿಡ್ಡಿ ಕತ್ತರಿಸಿದ್ದರಿಂದ ಮೊದಲು ಗುರುತೇ ಸಿಗಲಿಲ್ಲ. ಹಗಲೆಲ್ಲ ಅಲ್ಲೇ ಅಂತೆ. ಮಲಗುವಾಗ ಮಾತ್ರ ಒಳಗೆ, ಇರುವುದೇ ಒಂದು ಕೋಣೆ, ಒಂದೇ ಹಾಸಿಗೆ. ಅದಕ್ಕೇ ಆ ಹಸುಗೂಸಿನ ಚಿಂತೆ ನನಗೆ. ಅವಳ ಸೊಂಟದಲ್ಲೂ ಮಣಿಕಟ್ಟಿನಲ್ಲೂ ಕೆರೆದ ಗಾಯಗಳಿವೆ. ಅವಳು ಗುಂಡಿಗೆ ಕೊಟ್ಟದ್ದಲ್ಲ, ಗುಂಡಿಯಿಂದ ಅವಳಿಗೆ ಬಂದದ್ದು. ಯಾರಿಗೂ ಹೇಳಿಲ್ಲ. ತುರಿಸಿದಾಗ ಕೈಯನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂರುತ್ತಾಳೆ.

ನಾನು ಪಕ್ಕದಲ್ಲಿ ಕೂತು ಕೈ ಚಾಚಿದೆ. ಅವಳು ಗೋಡೆಗೆ ಸರಿದು ಮುದುಡಿಕೊಂಡಳು. "ನನ್ನ ಮುಟ್ಬೇಡಿ ಆಯಾ ಅಜ್ಜಿ. ನಿಮಗೆ ಅಂಟುತ್ತೆ. ಆಮೇಲೆ ನಿಮ್ಮಿಂದ ಪಾಪುಗಳಿಗೆಲ್ಲಾ ಅಂಟುತ್ತೆ" ಅಂದಳು.

ಮಗಳೇ, ಇಷ್ಟು ವಯಸ್ಸಾದ ನಾನು ಎರಡೂವರೆ ತಿಂಗಳಲ್ಲಿ ಯಾರಿಗೂ ಹೇಳದ ಮಾತನ್ನು ಅವಳು ನನ್ನನ್ನು ಕಾಪಾಡಲು ಹೇಳಿದಳು. ನಾನು ಆ ಮೆಟ್ಟಿಲ ಮೇಲೆ ಕೂತು ಅತ್ತೆ. ಆಮೇಲೆ ಅವಳಿಗೆ ಅರ್ಥವಾಗುವ ಹಾಗೆ ಹೇಳಿದೆ: ನಿನ್ನಿಂದ ಅಲ್ಲ ಪುಟ್ಟಾ, ನನ್ನಿಂದ ಬಂತು, ನೀನೇನೂ ಮಾಡಿಲ್ಲ ಅಂತ. "ಇದು ಅಮ್ಮಂಗೆ ಗೊತ್ತಾ?" ಅಂದಳು. ಇಲ್ಲ ಅಂದೆ.

"ಹಾಗಾದ್ರೆ ಬೇಗ ಹೇಳಿ" ಅಂದಳು.

ಹೇಳಿದ್ದೇನೆ. ಔಷಧಿಯ ಮಾತು ಮುಗಿಯಿತು, ಈಗ ತಂಗಿಗೆ ಇನ್ನೊಂದು ಸಲ ಫೋನ್ ಮಾಡು. ಫೋನನ್ನು ಮೆಟ್ಟಿಲ ಹತ್ತಿರ ತೆಗೆದುಕೊಂಡು ಹೋಗಲು ಹೇಳು.

ನಿನ್ನ ಎರಡೂ ಮಕ್ಕಳ ಮೈ ತಣ್ಣಗಿರಲಿ, ನಿನ್ನ ಮಡಿಲಲ್ಲಿ ಇಬ್ಬರಿಗೂ ಜಾಗವಾಗಲಿ.

ನಿನ್ನ ಎದುರಿಗೆ ಬರುವ ಮುಖವಿಲ್ಲದ,
ಮಕ್ಕಳ ಕೋಣೆಯ ಆಯಾ